ಗಾಡಿ ಮೇಲಿತ್ತು, ಪಾಲಿಸಿಯಲ್ಲಿ ಇರಲಿಲ್ಲ

ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ಮಾಸ್ತಿಕಟ್ಟೆ ಹತ್ತಿರ ರಸ್ತೆ ಬದಿಗೆ ನಿಲ್ಲಿಸಿದ್ದ ವ್ಯಾನಿನ ಮೇಲೆ ಮರದ ಕೊಂಬೆ ಮುರಿದುಬಿದ್ದಿದೆ, ಹೋಗಿ ಸರ್ವೆ ಮಾಡಿ ಅಂತ ವಿಮಾ ಕಂಪನಿಯಿಂದ ಫೋನ್ ಬಂತು. ಹೋಗಿ ನೋಡಿದರೆ ಅದು ಬರೀ ವ್ಯಾನ್ ಅಲ್ಲ, ತೀರ್ಥಹಳ್ಳಿ ಕಡೆಯ ಗೌಡರೊಬ್ಬರು ಎರಡು ವರ್ಷ ಕೂತು ಕಟ್ಟಿಸಿದ ಪುಟ್ಟ ಮನೆ, ಕ್ಯಾಂಪರ್ ಅಂತಾರಲ್ಲ, ಅದು. ಸೀಟು ಮಡಚಿ ಅದರ ಮೇಲೆ ಹಲಸಿನ ಹಲಗೆಯ ಮಂಚ, ಪಕ್ಕದಲ್ಲಿ ಸಣ್ಣ ಸಿಂಕು, ಪುಟ್ಟ ಫ್ರಿಜ್ಜು, ಎರಡನೇ ಬ್ಯಾಟರಿ, ಇನ್ವರ್ಟರ್. ಟಾಪಿನ ಮೇಲೆ ಎರಡು ಸೋಲಾರ್ ಪ್ಯಾನೆಲ್, ಬದಿಗೆ ಬಿಚ್ಚಿದರೆ ಚಪ್ಪರವಾಗುವ ಬಟ್ಟೆಯ ಛಾವಣಿ. ಪ್ಯಾನೆಲ್ಲಿನ ಗಾಜು ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಮಂಚದ ಮೇಲೆಲ್ಲ ಹರಡಿತ್ತು.

“ಸಾರ್, ಎಲ್ಲಾ ಬೋಲ್ಟ್ ಹಾಕಿ ಗಾಡಿಗೇ ಕೂರ್ಸಿದ್ದು. ಗಾಡಿಗೆ ಇನ್ಶೂರೆನ್ಸ್ ಇದೆ ಅಂದ್ಮೇಲೆ ಇದಕ್ಕೂ ಇದ್ದಂಗೇ ಅಲ್ವಾ?” ಅಂದರು.

ನಾನು ಪಾಲಿಸಿಯ ಮೊದಲ ಪುಟ ತೆಗೆದು ತೋರಿಸಿದೆ. ಐಡಿವಿ, ಅಂದರೆ ವಿಮೆಗೆ ಗಾಡಿಗೆ ಕಟ್ಟಿದ ಬೆಲೆ, ಅಂತ ಬರೆದ ಕಡೆ ಅಡ್ಡಕ್ಕೆ ಕೆಲವು ಕಾಲಂ ಇರುತ್ತವೆ. ವಾಹನದ ಬೆಲೆ, ನಾನ್-ಎಲೆಕ್ಟ್ರಿಕಲ್ ಆ್ಯಕ್ಸೆಸರೀಸ್, ಎಲೆಕ್ಟ್ರಿಕಲ್ ಆ್ಯಕ್ಸೆಸರೀಸ್, ಸಿಎನ್‌ಜಿ-ಎಲ್‌ಪಿಜಿ ಕಿಟ್, ಕೊನೆಗೆ ಒಟ್ಟು ಮೊತ್ತ. ಗೌಡರ ಪಾಲಿಸಿಯಲ್ಲಿ ವಾಹನದ ಬೆಲೆ ಬಿಟ್ಟು ಉಳಿದ ಮೂರೂ ಕಡೆ ಸೊನ್ನೆ. ನೆಗ್ಗಿಹೋದ ಟಾಪಿನ ರಿಪೇರಿಗೆ ದುಡ್ಡು ಬಂತು. ಪ್ಯಾನೆಲ್ಲಿಗೂ ಛಾವಣಿಗೂ ಒಂದು ರೂಪಾಯಿ ಬರಲಿಲ್ಲ. ವರದಿಯಲ್ಲಿ ಹಾಗೆ ಬರೆದವನು ನಾನೇ, ಬೇರೆ ದಾರಿ ಇರಲಿಲ್ಲ. ಅವತ್ತಿನಿಂದ ಗಾಡಿಗೆ ಮಂಚ ಕಟ್ಟಿಸುವವರು ಯಾರೇ ಸಿಕ್ಕಲಿ, ಮೊದಲು ಆ ಕಾಲಂ ನೋಡಿ ಅನ್ನುತ್ತೇನೆ.

ಐಡಿವಿ ಲೆಕ್ಕ ಹಾಕುವುದು ತಯಾರಕರು ಪ್ರಕಟಿಸಿದ ಬೆಲೆಯ ಮೇಲೆ. ಶೋರೂಮಿನಿಂದ ಹೊರಬಂದ ಮೇಲೆ ನೀವು ಕೂರಿಸಿದ್ದು ಯಾವುದೂ ಆ ಬೆಲೆಯೊಳಗೆ ಇಲ್ಲ. ಅದನ್ನು ನೀವೇ ಹೇಳಿ, ಬೆಲೆ ಬರೆಸಿ, ಅದಕ್ಕೆ ಪ್ರೀಮಿಯಂ ಕಟ್ಟಬೇಕು. ಎಲ್ಲ ಕಂಪನಿಗೂ ಒಂದೇ ದರ ಹೇಳುತ್ತಿದ್ದ 2002ರ ಮೋಟಾರ್ ಟಾರಿಫ್‌ನಲ್ಲಿ ಕರೆಂಟಿನ ಸಾಮಾನಿಗೆ ಐಎಂಟಿ 24 ಎಂಬ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ಹೆಚ್ಚುವರಿ ಷರತ್ತು, ಇತ್ತು; ದರ ಬೆಲೆಯ 4%. 2007ರಿಂದ ದರ ನಿಗದಿ ಕಂಪನಿಗಳ ಕೈಗೆ ಹೋಯಿತು. ಆದರೂ ಅಂದಾಜಿಗೆ ಆ ಲೆಕ್ಕ ಹಿಡಿಯಬಹುದು. ಪ್ಯಾನೆಲ್, ಬ್ಯಾಟರಿ, ಇನ್ವರ್ಟರ್, ಫ್ರಿಜ್ಜು ಸೇರಿ 80,000 ರೂಪಾಯಿ ಆದರೆ ವರ್ಷಕ್ಕೆ 3,200, ಮೇಲೆ 18% ಜಿಎಸ್‌ಟಿ 576. ಮಂಚ, ಕ್ಯಾರಿಯರ್, ಛಾವಣಿಯಂಥ ಕರೆಂಟಿಲ್ಲದ ಸಾಮಾನಿನ ಬೆಲೆ ಒಟ್ಟು ಐಡಿವಿಗೆ ಸೇರಿ, ಗಾಡಿಗೆ ಹಾಕುವ ದರವೇ ಅದಕ್ಕೂ ಬೀಳುತ್ತದೆ. ಸಿಎನ್‌ಜಿ-ಎಲ್‌ಪಿಜಿ ಕಾಲಂ ಇಂಧನದ ಕಿಟ್ಟಿಗೆ ಮಾತ್ರ, ಅಡುಗೆ ಒಲೆಗಲ್ಲ. ಮನೆಯ 14.2 ಕೆಜಿ ಸಿಲಿಂಡರನ್ನೇ ಗಾಡಿಯೊಳಗೆ ಇಟ್ಟುಕೊಂಡು ಘಾಟಿ ಹತ್ತುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಪಾಲಿಸಿ ನಡುವೆ ಇರುವಾಗಲೂ ಸೇರಿಸಬಹುದು. ಬಿಲ್ಲು ಕೊಟ್ಟರೆ ಗಾಡಿ ನೋಡಿ, ಉಳಿದ ತಿಂಗಳಿಗೆ ಮಾತ್ರ ಪ್ರೀಮಿಯಂ ತಗೊಂಡು ಎಂಡಾರ್ಸ್‌ಮೆಂಟ್ ಮಾಡಿಕೊಡುತ್ತಾರೆ. ನಮ್ಮ ಕಡೆ ತೊಡಕು ಬಿಲ್ಲಿನದು. ಮಂಚ ಮಾಡಿದ ಆಚಾರ್ರು ಬಿಲ್ಲು ಎಲ್ಲಿಂದ ತರಬೇಕು? ತಾರೀಖು, ಕೆಲಸದ ವಿವರ, ಮೊತ್ತ, ಸಹಿ ಇರುವ ಒಂದು ಚೀಟಿ, ಜೊತೆಗೆ ಫೋನ್‌ಪೇಯಲ್ಲಿ ದುಡ್ಡು ಹಾಕಿದ ದಾಖಲೆ ಇಟ್ಟುಕೊಳ್ಳಿ. ಪ್ಯಾನೆಲ್, ಬ್ಯಾಟರಿಯ ಸೀರಿಯಲ್ ನಂಬರ್ ಕಾಣುವ ಹಾಗೆ ಒಂದು ಫೋಟೊ, ನಂಬರ್ ಪ್ಲೇಟ್ ಸಮೇತ ಗಾಡಿಯ ನಾಲ್ಕೂ ಬದಿಯ ಫೋಟೊ ತೆಗೆದಿಡಿ. ಸರ್ವೆಗೆ ಬಂದವನಿಗೆ ಇಷ್ಟು ಸಿಕ್ಕರೆ ನಿಮ್ಮ ಪರವಾಗಿ ಬರೆಯಲು ಆಧಾರ ಸಿಗುತ್ತದೆ.

ರಿನ್ಯೂವಲ್ ಹೊತ್ತಿನಲ್ಲಿ ಹೆಚ್ಚು ಜನ ಎಡವುತ್ತಾರೆ. ಮೊಬೈಲಲ್ಲಿ ಹೊಸ ಕಂಪನಿ ಕಡಿಮೆ ಪ್ರೀಮಿಯಂ ತೋರಿಸಿದ ಕೂಡಲೆ ಮೂರು ಸಲ ಒತ್ತಿ ದುಡ್ಡು ಕಟ್ಟಿಬಿಡುತ್ತೇವೆ. ಹೋದ ವರ್ಷ ಬರೆಸಿದ್ದ ಆ್ಯಕ್ಸೆಸರಿ ಮೊತ್ತ ಅಲ್ಲಿ ತಾನಾಗಿ ಬಂದು ಕೂರುವುದಿಲ್ಲ. ಕಡಿಮೆ ಕಂಡದ್ದಕ್ಕೆ ಎಷ್ಟೋ ಸಲ ಅದೇ ಕಾರಣ.

ಪಾಲಿಸಿಯ ಮಾತಿನಲ್ಲಿ ರಕ್ಷಣೆ ಇರುವುದು ವಾಹನಕ್ಕೆ ಮತ್ತು ‘ಅದರ ಮೇಲಿರುವಾಗ’ ಅದರ ಆ್ಯಕ್ಸೆಸರಿಗಳಿಗೆ. ಈ ಎರಡು ಪದ ಮಲೆನಾಡಿನವರು ನೆನಪಿಡಬೇಕು. ಮಳೆಗಾಲಕ್ಕೆ ಛಾವಣಿ ಬಿಚ್ಚಿ ಅಟ್ಟದ ಮೇಲೆ ಇಟ್ಟಿರಿ, ಅಲ್ಲಿ ಇಲಿ ಕಡಿದರೆ ಅದು ಮೋಟಾರ್ ಪಾಲಿಸಿಗೆ ಸೇರುವುದಿಲ್ಲ. ಗಾಡಿ ಪಕ್ಕದಲ್ಲಿ ನೆಲಕ್ಕೆ ಹೊಡೆದ ಟೆಂಟೂ ಹಾಗೆಯೇ. ಹಾಸಿಗೆ, ಪಾತ್ರೆ, ಕ್ಯಾಮೆರಾ ಆ್ಯಕ್ಸೆಸರಿಯೇ ಅಲ್ಲ, ಸ್ವಂತ ಸಾಮಾನು.

ನೀರು ಸೋರುವ ಕ್ಲೇಮುಗಳ ಬಗ್ಗೆ ನನಗೆ ಬೇಜಾರೇ ಹೆಚ್ಚು. ಪ್ಯಾನೆಲ್ ಕೂರಿಸಲು ಟಾಪಿಗೆ ಎಂಟು ತೂತು ಕೊರೆಯುತ್ತಾರೆ, ಸಿಲಿಕಾನ್ ಬಳಿಯುತ್ತಾರೆ. ಹುಲಿಕಲ್, ಆಗುಂಬೆ ಕಡೆಯ ಮಳೆಯಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಸಿಲಿಕಾನ್ ಅಂಚು ಬಿಟ್ಟಿರುತ್ತದೆ. ಸ್ಕ್ರೂ ಸುತ್ತ ಕಂದು ಬಳೆಯಂತೆ ತುಕ್ಕು, ಒಳಗೆ ಪ್ಲೈವುಡ್ಡು ಹಪ್ಪಳದ ಹಾಗೆ ಉಬ್ಬಿ, ಒತ್ತಿದರೆ ಬೆರಳು ಒಳಗೆ ಹೋಗುತ್ತದೆ, ಬೂಷ್ಟಿನ ವಾಸನೆ. ಮಾಲೀಕರು ಮಳೆಯಿಂದ ಹಾಳಾಯ್ತು ಅನ್ನುತ್ತಾರೆ. ಮಳೆಯೇ ಕಾರಣ, ನಿಜ. ಆದರೆ ಬಿರುಗಾಳಿ, ನೆರೆ, ಗುಡ್ಡ ಕುಸಿತದ ಹಾನಿ ಬೇರೆ, ತಿಂಗಳುಗಟ್ಟಲೆ ಇಂಗಿದ ನೀರು ಬೇರೆ. ಇಂಗಿದ್ದನ್ನು ಪಾಲಿಸಿ ಸವೆತ ಅನ್ನುತ್ತದೆ, ಅದಕ್ಕೆ ಪರಿಹಾರ ಇಲ್ಲ. ಫ್ರಿಜ್ಜು ತಾನಾಗಿ ಕೆಟ್ಟು ನಿಂತರೂ ಅಷ್ಟೆ. ವೈರಿಂಗಿಗೆ ಬೆಂಕಿ ಹತ್ತಿ ಗಾಡಿ ಸುಟ್ಟರೆ ಬೆಂಕಿ ಪಾಲಿಸಿಯೊಳಗಿನದೇ. ಆಗಲೂ ಕಂಪನಿ ನಿಮ್ಮ ಎರಡನೇ ಬ್ಯಾಟರಿಯ ವೈರು ಎಲ್ಲಿಂದ ಎಳೆದಿದ್ದಾರೆ, ಫ್ಯೂಸ್ ಇತ್ತಾ ಅಂತ ಕೇಳುತ್ತದೆ. ನೂರಿನ್ನೂರು ರೂಪಾಯಿಯ ಫ್ಯೂಸಿಗೆ ಚೌಕಾಶಿ ಮಾಡಬೇಡಿ.

ಗೌಡರು ಸೀಟು ಕಿತ್ತಿರಲಿಲ್ಲ, ಮಡಚಿದ್ದರು. ಒಳ್ಳೆಯ ಕೆಲಸ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳಿತು. ಏಳು ಸೀಟು ಅಂತ ಇರುವ ಗಾಡಿಯಲ್ಲಿ ಎರಡೇ ಸೀಟು ಉಳಿದಿದ್ದರೆ ದೊಡ್ಡ ಕ್ಲೇಮಿನ ಹೊತ್ತಿಗೆ ತಕರಾರು ಎದ್ದೇ ಏಳುತ್ತದೆ. ಕೈ ಹಾಕುವ ಮೊದಲೇ ಆರ್‌ಟಿಒ ಆಫೀಸಿಗೆ ಹೋಗಿ ವಿಚಾರಿಸಿ.

ಹೋಂಸ್ಟೇ ನಡೆಸುವವರಿಗೆ ಇನ್ನೊಂದು ಮಾತು. ಬಿಳಿ ಬೋರ್ಡಿನ ಕ್ಯಾಂಪರನ್ನು ದುಡ್ಡು ತಗೊಂಡು ಅತಿಥಿಗಳಿಗೆ ಕೊಟ್ಟರೆ ಅದು ಬಾಡಿಗೆ ಬಳಕೆ, ಖಾಸಗಿ ಪಾಲಿಸಿಯ ಹೊರಗೆ. ಆ್ಯಕ್ಸೆಸರಿ ಬರೆಸಿದ್ದರೂ ಕೈಗೆ ಏನೂ ಬರುವುದಿಲ್ಲ. ಹಳದಿ ಬೋರ್ಡು ಮಾಡಿಸಿದರೆ ಆ ತೊಂದರೆ ಇಲ್ಲ. ಆದರೆ ವಾಣಿಜ್ಯ ಪಾಲಿಸಿಯಲ್ಲಿ ಗಾಡಿ ಬಿಟ್ಟು ಪ್ಯಾನೆಲ್ ಮಾತ್ರ ಕಳವಾದರೆ ಪರಿಹಾರ ಇಲ್ಲ, ಗಾಡಿಯೂ ಜೊತೆಗೆ ಹೋಗಿರಬೇಕು. ಬಿಚ್ಚಲಾಗದ ನಟ್ಟು ಹಾಕಿಸಿ.

ಗೌಡರು ಈ ಸಲ ರಿನ್ಯೂವಲ್ ಮುಂಚೆ ಒಂದು ಪಟ್ಟಿ ಹಿಡಿದು ಬಂದಿದ್ದರು. ಹೊಸ ಪ್ಯಾನೆಲ್, ಬ್ಯಾಟರಿ, ಇನ್ವರ್ಟರ್, ಫ್ರಿಜ್ಜು, ಛಾವಣಿ. ಮಂಚ ಬರೆದಿರಲಿಲ್ಲ. “ಅದು ನಮ್ಮ ತೋಟದ ಹಲಸು ಸಾರ್, ಅದಕ್ಕೆಂಥ ಬೆಲೆ?” ಅಂದರು. ಆಚಾರ್ರ ಕೂಲಿ, ಕಬ್ಬಿಣದ ಫ್ರೇಮು, ಪಾಲಿಶ್ ಕೂಡಿಸಿ ನೋಡಿದರೆ 23,000 ಆಯಿತು. ಅದನ್ನೂ ಬರೆಸಿದೆವು.