ಪಾಸ್‌ವರ್ಡ್ ಮರೆತಿರಾ? ಮೊದಲು ಹಳೇ ಫೋನ್ ಹುಡುಕಿ

"ಜಿಮೇಲ್ ಪಾಸ್‌ವರ್ಡ್ ಮರೆತುಹೋಗಿದೆ, ತೆಗೆದುಕೊಡಿ ಸಾರ್" ಎಂದು ಅಂಗಡಿಗೆ ಬರುವವರನ್ನು ನಾನು ಮೊದಲು ಕೇಳುವುದು ಒಂದೇ: ಯಾವ ಜಿಮೇಲ್? ಬಹಳಷ್ಟು ಜನ ಅಲ್ಲೇ ತಡವರಿಸುತ್ತಾರೆ.

ನಮ್ಮ ಕಡೆ ಹೊಸ ಫೋನ್ ಕೊಂಡಾಗ ಮೊಬೈಲ್ ಅಂಗಡಿಯ ಹುಡುಗನೇ ಅಲ್ಲೇ ನಿಂತು ಹೊಸ ಜಿಮೇಲ್ ಮಾಡಿಕೊಡುತ್ತಾನೆ. ಹೆಸರಿನ ಜೊತೆ ನಾಲ್ಕಂಕಿ, ಪಾಸ್‌ವರ್ಡಿಗೆ ಅವನಿಗೆ ತೋಚಿದ್ದು. ಮೂರು ಫೋನ್ ಬದಲಾಯಿಸಿದವರ ಹತ್ತಿರ ಮೂರು ಜಿಮೇಲ್. ಫೋಟೋ ಒಂದರಲ್ಲಿ, ಕಾಂಟ್ಯಾಕ್ಟ್ ಇನ್ನೊಂದರಲ್ಲಿ, ಬ್ಯಾಂಕಿಗೆ ಬರೆದುಕೊಟ್ಟಿದ್ದು ಮತ್ತೊಂದು. ಎಷ್ಟೋ ಸಲ ಮರೆತಿರುವುದು ಪಾಸ್‌ವರ್ಡ್ ಅಲ್ಲ, ಐಡಿ.

ಐಡಿ ಹುಡುಕುವುದು ಸುಲಭ. ಪ್ಲೇ ಸ್ಟೋರ್ ತೆರೆದು ಮೇಲೆ ಬಲಗಡೆ ಇರುವ ಗುಂಡಗಿನ ಚಿತ್ರ ಒತ್ತಿದರೆ ಆ ಫೋನಿನಲ್ಲಿರುವ ಗೂಗಲ್ ಖಾತೆಗಳು ಕಾಣುತ್ತವೆ. ವಾಟ್ಸಾಪ್ ಸೆಟ್ಟಿಂಗ್ಸ್‌ನ ಚಾಟ್ ಬ್ಯಾಕಪ್‌ನಲ್ಲೂ ಒಂದು ಐಡಿ ಇರುತ್ತದೆ. ಎರಡೂ ಇಲ್ಲದಿದ್ದರೆ ಸೈನ್ ಇನ್ ಪುಟದ 'ಫರ್ಗಾಟ್ ಇಮೇಲ್' ಒತ್ತಿ, ಫೋನ್ ನಂಬರ್ ಮತ್ತು ಹೆಸರು ಕೊಡಿ. ಹೆಸರು ಖಾತೆಯಲ್ಲಿ ಇರುವಂತೆಯೇ ಇರಬೇಕು. ಆ ಹುಡುಗ ಸುಮ್ನೆ 'ಮಂಜು' ಅಂತ ಹಾಕಿದ್ದರೆ 'ಮಂಜುನಾಥ್' ಕೆಲಸಕ್ಕೆ ಬರುವುದಿಲ್ಲ.

ಇನ್ನು ಪಾಸ್‌ವರ್ಡ್. ಬೇರೆ ವೆಬ್‌ಸೈಟುಗಳದ್ದಾದರೆ ಅದು ನಿಮ್ಮ ಮನೆಯಲ್ಲೇ ಎಲ್ಲೋ ಉಳಿದಿರುವ ಸಾಧ್ಯತೆ ಜಾಸ್ತಿ. ಎಂದೋ ಒಂದು ದಿನ 'ಸೇವ್ ಪಾಸ್‌ವರ್ಡ್?' ಎಂದು ಕೇಳಿದಾಗ ನೋಡದೆಯೇ ಹೂಂ ಅಂದಿರುತ್ತೀರಿ. ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋದರೆ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ಸಿಗುತ್ತದೆ. ಸೈಟಿನ ಹೆಸರು ಒತ್ತಿ, ಫೋನಿನ ಲಾಕ್ ತೆಗೆದು, ಕಣ್ಣಿನ ಗುರುತು ಮುಟ್ಟಿದರೆ ಪಾಸ್‌ವರ್ಡ್ ಎದುರಿಗೇ. ಐಫೋನ್‌ನಲ್ಲಿ ಐಓಎಸ್ 18ರಿಂದ 'ಪಾಸ್‌ವರ್ಡ್ಸ್' ಎಂಬ ಆ್ಯಪ್ಪೇ ಇದೆ, ಅದಕ್ಕೂ ಹಿಂದಿನದರಲ್ಲಿ ಸೆಟ್ಟಿಂಗ್ಸ್ ಒಳಗೆ ನೋಡಿ. ಹಳೇ ಲ್ಯಾಪ್‌ಟಾಪಿನಲ್ಲಿ ಫೈರ್‌ಫಾಕ್ಸ್ ಬಳಸುತ್ತಿದ್ದಿರಾದರೆ ಅದರ ಮೆನುವಿನಲ್ಲೂ ಪಾಸ್‌ವರ್ಡ್ಸ್ ಇದೆ.

ಜಿಮೇಲ್ ಖಾತೆಯೇ ತೆರೆಯುತ್ತಿಲ್ಲ ಎಂದರೆ ಆಟ ಬೇರೆ. ಒಬ್ಬ ನಿವೃತ್ತ ಮೇಷ್ಟ್ರ ವಿಷಯ ಹೇಳುತ್ತೇನೆ. ರಿಕವರಿಗೆ, ಅಂದರೆ ಖಾತೆ ವಾಪಸ್ ಪಡೆಯಲು, ಕೊಟ್ಟಿದ್ದ ಸಿಮ್ ಬಿಟ್ಟು ವರ್ಷಗಳಾಗಿದ್ದವು. ಮಗಳು ಬೆಂಗಳೂರಿನಲ್ಲಿ ಕೂತು ತನ್ನ ಲ್ಯಾಪ್‌ಟಾಪಿನಿಂದ ಮತ್ತೆ ಮತ್ತೆ ಪ್ರಯತ್ನಿಸಿದ್ದಳು. ಗೂಗಲ್ ಒಪ್ಪಲೇ ಇಲ್ಲ. ಒಪ್ಪುವುದಾದರೂ ಹೇಗೆ? ಗೊತ್ತಿಲ್ಲದ ಊರು, ಗೊತ್ತಿಲ್ಲದ ಲ್ಯಾಪ್‌ಟಾಪ್, ಕೇಳುತ್ತಿರುವವರು ಯಾರೋ. ನೀವು ಯಾವಾಗಲೂ ಬಳಸುವ ಫೋನ್, ಬ್ರೌಸರ್, ಮನೆಯ ವೈಫೈ, ಇವನ್ನೆಲ್ಲ ಅದು ಗಮನಿಸುತ್ತದೆ. "ಸದ್ಯ ಯಾರೂ ಏನೂ ಒತ್ತಬೇಡಿ, ಮನೆಯಲ್ಲಿ ಹಳೇದು ಏನಿದೆ ನೋಡಿ ಮೇಷ್ಟ್ರೇ" ಎಂದೆ. ಬೀರುವಿನ ಮೇಲಿಂದ ಪರದೆ ಸೀಳಿದ ಒಂದು ಟ್ಯಾಬ್ ಇಳಿಯಿತು. ಚಾರ್ಜಿಗೆ ಹಾಕಿ, ವೈಫೈಗೆ ಸೇರಿಸಿದರೆ ಜಿಮೇಲ್ ಲಾಗಿನ್ ಆಗಿಯೇ ಇತ್ತು! ಫೋನಿನಿಂದ ರಿಕವರಿ ಶುರುಮಾಡಿದಾಗ 'ಇದು ನೀವೇನಾ?' ಎಂಬ ಪ್ರಶ್ನೆ ಟ್ಯಾಬಿಗೆ ಬಂತು. ಹೌದು ಅಂದರು, ಹೊಸ ಪಾಸ್‌ವರ್ಡ್ ಹಾಕಿದರು. ಅದೇ ಕೂತಲ್ಲಿ ರಿಕವರಿ ನಂಬರನ್ನೂ ಬದಲಾಯಿಸಿದೆವು.

ಇಂಥ ಹಳೇ ಸಾಧನ ಸಿಕ್ಕಾಗ ದಯವಿಟ್ಟು ಲಾಗ್ ಔಟ್ ಮಾಡಬೇಡಿ. ಫಾರ್ಮ್ಯಾಟ್ ಹೊಡೆಸಲೇಬೇಡಿ. ಫೋನ್ ಲಾಕ್ ಮರೆತು ರೀಸೆಟ್ ಹೊಡೆಸಿದವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಆಂಡ್ರಾಯ್ಡ್ 5.1ರಿಂದ ಬಂದಿರುವ ರಕ್ಷಣೆ ಪ್ರಕಾರ, ಹಾಗೆ ರೀಸೆಟ್ ಆದ ಫೋನ್ ಮೊದಲಿದ್ದ ಗೂಗಲ್ ಖಾತೆಯನ್ನೇ ಕೇಳುತ್ತದೆ. ಕಳ್ಳರಿಗೆಂದು ಮಾಡಿದ್ದು, ಸಿಕ್ಕಿಬೀಳುವುದು ಮಾತ್ರ ಫೋನಿನ ಯಜಮಾನ.

ಸಿಮ್ ಬಿಡುವ ಮೊದಲೇ ಎಲ್ಲ ಕಡೆ ನಂಬರ್ ಬದಲಾಯಿಸಿಕೊಳ್ಳಿ. ನಮ್ಮ ದೇಶದಲ್ಲಿ ಕಡಿತವಾದ ನಂಬರನ್ನು 90 ದಿನದವರೆಗೆ ಬೇರೆಯವರಿಗೆ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ಆಗ ನಿಮ್ಮ ಓಟಿಪಿ ಯಾರದೋ ಜೇಬಿಗೆ ಹೋಗುತ್ತದೆ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. 'ಜಿಮೇಲ್ ಕಸ್ಟಮರ್ ಕೇರ್ ನಂಬರ್' ಎಂದು ಹುಡುಕಿ, ಸಿಕ್ಕಿದ್ದಕ್ಕೆ ಫೋನ್ ಮಾಡುತ್ತಾರೆ. ಫೋನಿನಲ್ಲಿ ಮಾತಾಡಿ ಪಾಸ್‌ವರ್ಡ್ ತೆಗೆದುಕೊಡುವವರು ಗೂಗಲ್‌ನಲ್ಲಿ ಇಲ್ಲ. ಆ ಕಡೆಯವನು ನಿಮ್ಮ ಸ್ಕ್ರೀನ್ ತನಗೆ ಕಾಣುವಂಥ ಆ್ಯಪ್ ಹಾಕಿಸಿ, ಓಟಿಪಿ ಕೇಳುತ್ತಾನೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಎಲ್ಲ ಮಾಡಿದರೂ ಬಾರದ ಖಾತೆಗಳಿವೆ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಿಬಿಡಬಹುದು, ಅದಂತೂ ಆಸೆ ಬಿಡಬೇಕಾದ್ದು. ಆಗ ಜಿಮೇಲ್ ಹಿಂದೆ ಓಡುವುದು ನಿಲ್ಲಿಸಿ, ಹೊಸದೊಂದು ಮಾಡಿಕೊಳ್ಳಿ. ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟು ಇಮೇಲ್ ಬದಲಾಯಿಸಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಯೂಸರ್ ಐಡಿ ನಿಮ್ಮ ಪ್ಯಾನ್ ನಂಬರೇ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಓಟಿಪಿಯಿಂದ ಪಾಸ್‌ವರ್ಡ್ ಬದಲಾಗುತ್ತದೆ, ಹಳೇ ಜಿಮೇಲ್ ಬೇಕಾಗುವುದಿಲ್ಲ.