ಸಿಲ್ವರ್ ಓಕ್ ಮರದಲ್ಲಿ ಪೊಟರೆ ಸಿಗದಾಗ

ಕೊಡಗಿನ ಕಾಫಿ ತೋಟಗಳಲ್ಲಿ ಹಳೆಯ ಮತ್ತಿ, ನಂದಿ, ಅತ್ತಿ ಹೋಗಿ ಆ ಜಾಗಕ್ಕೆ ಸಿಲ್ವರ್ ಓಕ್ ಬಂದಷ್ಟೂ ಕೆಲವು ಹಕ್ಕಿಗಳಿಗೆ ಮನೆ ಇಲ್ಲವಾಗುತ್ತದೆ. ಆಸ್ಟ್ರೇಲಿಯಾ ಮೂಲದ ಈ ಮರ ನೆಟ್ಟಗೆ, ಬೇಗ ಬೆಳೆಯುತ್ತದೆ. ಕೊಂಬೆ ಕೊಳೆತು ಪೊಟರೆಯಾಗುವಷ್ಟು ವಯಸ್ಸಾಗುವ ಮೊದಲೇ ಲಾರಿ ಹತ್ತುತ್ತದೆ. ಮರಕುಟಿಗ, ಕುಟ್ರುಹಕ್ಕಿಗಳು ಕೊಕ್ಕಿನಿಂದ ತಾವೇ ತೂತು ಕೊರೆದುಕೊಳ್ಳುತ್ತವೆ. ಚೇಕಡಿ, ಮಡಿವಾಳ ಹಕ್ಕಿ, ಗೊರವಂಕ, ಹಾಲಕ್ಕಿಗಳಿಗೆ ಅದಾಗದು. ಬೇರೆ ಹಕ್ಕಿ ಕೊರೆದು ಬಿಟ್ಟ ತೂತೋ, ತಾನಾಗಿ ಟೊಳ್ಳಾದ ಕೊಂಬೆಯೋ ಅವುಗಳಿಗೆ ಸಿಗಬೇಕು. ಗೂಡುಪೆಟ್ಟಿಗೆ ಕಟ್ಟುವುದು ಇವುಗಳಿಗಾಗಿ.

ಅಳತೆ ಹಕ್ಕಿಗೆ ತಕ್ಕಂತಿರಬೇಕು. ಚೇಕಡಿಗೆ ಒಳಗಿನ ತಳ 12 × 12 ಸೆಂ.ಮೀ., ಬಾಗಿಲಿನ ತೂತು 28ರಿಂದ 30 ಮಿ.ಮೀ. ಮಡಿವಾಳ ಹಕ್ಕಿಗೆ ತಳ 15 × 15 ಸೆಂ.ಮೀ., ತೂತು 50 ಮಿ.ಮೀ. ತೂತಿನಿಂದ ತಳಕ್ಕೆ ಕನಿಷ್ಠ 13 ಸೆಂ.ಮೀ. ಆಳ ಇರಲಿ, ಕಡಿಮೆಯಾದರೆ ಹೊರಗಿನಿಂದ ಪಂಜ ಚಾಚಿ ಮರಿ ಎಳೆಯುವುದು ಬೆಕ್ಕಿಗೆ ಸುಲಭ. ಮುಂಭಾಗದ ಹಲಗೆಯ ಒಳಮೈಯಲ್ಲಿ ಗರಗಸದಿಂದ ಅಡ್ಡ ಗೀರು ಹಾಕಿ. ನುಣುಪಾದ ಹಲಗೆಯಲ್ಲಿ ಮರಿಗೆ ಕಾಲೂರಿ ಮೇಲೆ ಹತ್ತಲಾಗುವುದಿಲ್ಲ, ಒಳಗೇ ಸಾಯುತ್ತದೆ. ಹೊರಗೆ ಕೂರಲು ಕಡ್ಡಿ ಮಾತ್ರ ಬೇಡವೇ ಬೇಡ. ಹಕ್ಕಿಗೆ ಅದರ ಅಗತ್ಯವಿಲ್ಲ, ಪ್ರಯೋಜನವೆಲ್ಲ ಕಾಗೆಗೆ.

ಇನ್ನು ನೀರು. ಮಡಿಕೇರಿ ಸುತ್ತ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆಯಲ್ಲಿ ಸಾಧಾರಣ ಪ್ಲೈವುಡ್ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. 18–20 ಮಿ.ಮೀ. ದಪ್ಪದ ಹಲಸಿನ ಅಥವಾ ತೇಗದ ಹಲಗೆ ಬಳಸಿ. ಮೊಳೆಯ ಬದಲು ಸ್ಕ್ರೂ ಹಾಕಿ. ತಳದ ಹಲಗೆಯನ್ನು ನಾಲ್ಕು ಗೋಡೆಗಳ ನಡುವೆ, ಅಂಚಿನಿಂದ 5 ಮಿ.ಮೀ. ಮೇಲಕ್ಕೆ ಕೂರಿಸಿದರೆ ಗೋಡೆಯಿಂದ ಇಳಿದ ನೀರು ತಳಕ್ಕೆ ಹೀರುವುದಿಲ್ಲ. ತಳದ ಮೂಲೆಗಳಲ್ಲಿ 6 ಮಿ.ಮೀ.ನ ನಾಲ್ಕು ತೂತು ಕೊರೆಯಿರಿ. ಬಾಗಿಲಿನ ತೂತನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಮೇಲ್ಮುಖವಾಗಿ ಕೊರೆದರೆ ಹನಿ ಒಳಗೆ ಇಳಿಯದೆ ಹೊರಗೇ ಜಾರುತ್ತದೆ. ಮಾಡು ಮುಂದಕ್ಕೆ 5 ಸೆಂ.ಮೀ. ಚಾಚಿರಲಿ. ಬರಿಯ ತಗಡಿನ ಮಾಡು ಮಾರ್ಚ್ ಬಿಸಿಲಿಗೆ ಕಾದು ಮರಿಗಳನ್ನು ಬೇಯಿಸುತ್ತದೆ. ತಗಡು ಹಾಕುವುದಾದರೆ ಹಲಗೆಯ ಮೇಲೆ ಹಾಕಿ. ಒಳಗೆ ಬಣ್ಣ, ವಾರ್ನಿಷ್ ಬೇಡ.

ಕಟ್ಟಲು ಸರಿಯಾದ ಕಾಲ ನವೆಂಬರ್, ಡಿಸೆಂಬರ್. ಮುಂಗಾರು ನೈಋತ್ಯದಿಂದ ಬೀಸುವುದರಿಂದ ಬಾಗಿಲು ಪೂರ್ವ ಅಥವಾ ಈಶಾನ್ಯಕ್ಕಿರಲಿ. ಮೆಣಸಿನ ಬಳ್ಳಿ ಹಬ್ಬಿದ ಮರ ಬಿಟ್ಟುಬಿಡಿ: ಗೂಡು ಕಟ್ಟುವ ಹೊತ್ತಿಗೇ ಕೊಯ್ಲು, ಮಳೆಗೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣದ ಮಿಶ್ರಣ) ಸಿಂಪರಣೆ. ಸಾಲದ್ದಕ್ಕೆ ಬಳ್ಳಿ ಕೇರೆಹಾವಿಗೆ ಏಣಿ. ಆನೆ ಬರುವ ತೋಟದಲ್ಲಿ ಹಲಸಿನ ಮರವೂ ಬೇಡ. ಆ ವರ್ಷ ಮರಗಸಿ (ನೆರಳು ತಗ್ಗಿಸಲು ಕೊಂಬೆ ಕಡಿಯುವುದು) ಮಾಡಲಿರುವ ಮರ ಯಾವುದೆಂದು ಮೊದಲೇ ಕೇಳಿಕೊಳ್ಳಿ.

ಮರಕ್ಕೆ ಮೊಳೆ ಹೊಡೆದರೆ ಗಾಯದಿಂದ ಕೊಳೆ ಶುರುವಾಗಬಹುದು. ಮುಂದೆ ಸಾಮಿಲ್ಲಿನಲ್ಲಿ ಗರಗಸ ಮುರಿದು ಆಳಿಗೆ ಏಟಾಗುತ್ತದೆ. ಹಾಗೆಂದು ತಂತಿಯನ್ನು ಬಿಗಿಯಾಗಿ ಸುತ್ತಿದರೂ ಕೇಡೇ. ಕಾಂಡದ ಅಡ್ಡಳತೆ 1 ಸೆಂ.ಮೀ. ಹೆಚ್ಚಿದರೆ ಸುತ್ತಳತೆ 3 ಸೆಂ.ಮೀ.ಗೂ ಮಿಕ್ಕಿ ಹೆಚ್ಚುತ್ತದೆ. ಸಡಿಲವಿಲ್ಲದ ತಂತಿ ತೊಗಟೆಯೊಳಗೆ ಹೂತು, ಎಲೆಯಿಂದ ಬೇರಿಗೆ ಆಹಾರ ಇಳಿಯುವ ದಾರಿ ಕಟ್ಟುತ್ತದೆ, ಮರ ಸೊರಗುತ್ತದೆ. ಪೆಟ್ಟಿಗೆಯ ಬೆನ್ನಿಗೆ 50 ಸೆಂ.ಮೀ. ಉದ್ದದ ಪಟ್ಟಿ ಕೂರಿಸಿ, 3 ಮಿ.ಮೀ. ಜಿ.ಐ. (ಸತುವಿನ ಲೇಪವಿರುವ ಕಬ್ಬಿಣದ) ತಂತಿಯನ್ನು ಹಳೆಯ ಹೋಸ್ ಪೈಪಿನೊಳಗೆ ತೂರಿಸಿ ಕಟ್ಟಿ. ಪೈಪಿನ ಹೊರಗೆ ಉಳಿದ ತಂತಿಯಲ್ಲಿ ನಾಲ್ಕೈದು ಅಂಕುಡೊಂಕು ಮಡಿಕೆ ಮಾಡಿ. ಮರ ದಪ್ಪವಾದಂತೆ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ.

ಸಣ್ಣ ಹಕ್ಕಿಗೆ 3–4 ಮೀಟರ್ ಎತ್ತರ ಸಾಕು. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಕರೆಂಟು ತಂತಿಗೆ ತಗುಲಿ ಜೀವ ಹೋಗುವುದು ನಮ್ಮ ತೋಟಗಳಿಗೆ ಗೊತ್ತಿರುವ ಸಂಕಟ. ಏಣಿ ಎತ್ತ ಬಿದ್ದರೂ ಲೈನಿಗೆ ಮುಟ್ಟದಷ್ಟು ದೂರದ ಮರ ಆರಿಸಿ. 4 ಅಡಿ ಎತ್ತರಕ್ಕೆ 1 ಅಡಿಯಂತೆ ಏಣಿಯ ಬುಡ ಮರದಿಂದ ಆಚೆಗಿರಲಿ, ಒಬ್ಬರು ಕೆಳಗೆ ಹಿಡಿದಿರಲಿ, ಮೇಲಿನ ತುದಿಯನ್ನು ಮರಕ್ಕೆ ಬಿಗಿಯಿರಿ. ಪೆಟ್ಟಿಗೆಯನ್ನು ಹೊತ್ತು ಹತ್ತಬೇಡಿ; ಮೇಲೆ ಹೋಗಿ ಸೇಫ್ಟಿ ಬೆಲ್ಟ್ ಹಾಕಿಕೊಂಡ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ. ಪಾಚಿ ಒದ್ದೆಯಿದ್ದ ದಿನ ಮರ ಹತ್ತಲೇಬಾರದು.

ಗೂಡು ಕಟ್ಟಿದ ಮೇಲೆ ದೂರದಿಂದ ನೋಡುವುದಷ್ಟೇ ನಮ್ಮ ಪಾಲು. ಮುಂದಿನ ನವೆಂಬರಿನಲ್ಲಿ ಮುಚ್ಚಳ ತೆಗೆಯುವ ಮೊದಲು ಪೆಟ್ಟಿಗೆಯನ್ನು ಕೋಲಿನಿಂದ ತಟ್ಟಿ ಕಾಯಿರಿ: ಕಡಜ, ಹಾವು, ಒಮ್ಮೊಮ್ಮೆ ತುಡುವೆ ಜೇನು ಸೇರಿಕೊಂಡಿರುತ್ತದೆ. ಜೇನಿದ್ದರೆ ಹಾಗೇ ಬಿಡಿ. ಖಾಲಿಯಿದ್ದರೆ ಕೈಗವಸು ಹಾಕಿ ಹಳೆಯ ಗೂಡು ತೆಗೆಯಿರಿ. ಪಾಚಿಯ ಮೆತ್ತೆಯ ಮೇಲೆ ಕೂದಲು ಹಾಸಿದ್ದರೆ ಅಲ್ಲಿ ಬಾಳಿದ್ದು ಚೇಕಡಿ. ಒಣಹುಲ್ಲು, ಬೇರುನಾರಿನ ಸಡಿಲ ಬಟ್ಟಲಾದರೆ ಮಡಿವಾಳ. ಬಿಸಿನೀರಿನಿಂದ ತೊಳೆದು ಒಣಗಿಸಿ, ತಂತಿಯ ಮಡಿಕೆ ಉಳಿದಿದೆಯೇ ನೋಡಿ.

ಮಂಗಟ್ಟೆ ಹಕ್ಕಿಗೆ ಈ ಪೆಟ್ಟಿಗೆ ಸಾಲದು. ಹೆಣ್ಣು ಪೊಟರೆಯೊಳಗೆ ಕುಳಿತು ಬಾಗಿಲು ಮುಚ್ಚಿಕೊಂಡು, ವಾರಗಟ್ಟಲೆ ಗಂಡು ತಂದ ಹಣ್ಣನ್ನು ಸೀಳಿನಲ್ಲೇ ಪಡೆಯುತ್ತದೆ. ತೋಟದಲ್ಲಿ ಅಂಥ ಪೊಟರೆಯ ಹಳೆಮರ ಒಂದಿದ್ದರೂ ಅದರ ಮೇಲೆ ಕೊಡಲಿ ಬೀಳದಂತೆ ಗುರುತು ಹಾಕಿಡಿ.