ಹುಣಸೆ ಮರದ ಒಡೆಯರಿಗೆ ಸಲ್ಲಬೇಕಾದ ಪಾಲು

ಪರಿಸರ ಪ್ರವಾಸೋದ್ಯಮದ ಯೋಜನಾ ವರದಿ ಪರಿಶೀಲನೆಗೆ ಬಂದಾಗಲೆಲ್ಲ ನಾನು ಮೊದಲು ಹುಡುಕುವ ಪುಟ ಒಂದೇ: ಪ್ರವಾಸಿಗರು ನೋಡಲು ಬರುವ ಪ್ರಾಣಿಪಕ್ಷಿಗಳು ಅಲ್ಲಿರುವುದರಿಂದ ನಷ್ಟ ಯಾರಿಗೆ, ಬರುವ ಹಣದಲ್ಲಿ ಅವರ ಪಾಲೆಷ್ಟು ಎಂದು ಬರೆದಿರುವ ಪುಟ. ಬಹುಪಾಲು ವರದಿಗಳಲ್ಲಿ ಅದು ಇರುವುದೇ ಇಲ್ಲ.

ಈ ಲೆಕ್ಕ ಕಣ್ಣಿಗೆ ಕಾಣುವಂತೆ ಇರುವುದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ. ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಇಲ್ಲಿ ಗೂಡು ಕಟ್ಟುವುದು ಊರೊಳಗೆ, ಜನರ ಹಿತ್ತಿಲಿನ ಹುಣಸೆ ಮರಗಳ ಮೇಲೆ. ಮರಿ ಮಾಡುವ ಕಾಲ ಚಳಿ ಕಳೆಯುವ ಹೊತ್ತಿಗೆ ಬಿರುಸಾಗುತ್ತದೆ; ಹುಣಸೆ ಹಣ್ಣಾಗುವುದೂ ಆಗಲೇ. ಕೊಂಬೆ ಬಡಿದು ಹಣ್ಣು ಉದುರಿಸಿದರೆ ಗೂಡು ಕೆಳಗೆ ಬೀಳುತ್ತದೆ, ಬಡಿಯದಿದ್ದರೆ ಆ ವರ್ಷದ ಫಸಲು ಕೈಬಿಟ್ಟಂತೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಈ ಹಕ್ಕಿಗಳನ್ನು ಕಾಣುವ ಊರಿನವರು ತಲೆಮಾರುಗಳಿಂದ ಕೊಂಬೆ ಬಡಿಯದೆ ಉಳಿದಿದ್ದಾರೆ. ಮರದ ಬುಡದಲ್ಲಿ ಗುಂಡಿ ತೆಗೆದು, ಬಿದ್ದ ಹಿಕ್ಕೆಯನ್ನು ಕೆರೆಯ ಹೂಳಿನೊಂದಿಗೆ ಬೆರೆಸಿ ಹೊಲಕ್ಕೆ ಹಾಕುವ ಪದ್ಧತಿಯಿಂದ ಅವರಿಗೆ ಒಂದಿಷ್ಟು ಪ್ರತಿಫಲವೂ ಸಿಗುತ್ತಿತ್ತು. ರಾಸಾಯನಿಕ ಗೊಬ್ಬರ ಬಂದ ಮೇಲೆ ಹಿಕ್ಕೆ ಗೊಬ್ಬರದ ಬೆಲೆ ಇಳಿಯಿತು, ಅಂಗಳದ ವಾಸನೆ ಮಾತ್ರ ಹಾಗೆಯೇ ಉಳಿಯಿತು.

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯು ಖಾಸಗಿ ಒಡೆತನವನ್ನು ಹಾಗೆಯೇ ಉಳಿಸಿಕೊಂಡು ‘ಸಮುದಾಯ ಮೀಸಲು’ ಎಂಬ ಸಂರಕ್ಷಿತ ಪ್ರದೇಶಗಳನ್ನು ಘೋಷಿಸಲು ದಾರಿ ಮಾಡಿತು, 2007ರಲ್ಲಿ ಕೊಕ್ಕರೆ ಬೆಳ್ಳೂರು ಆ ಪಟ್ಟಿಗೆ ಸೇರಿತು. ಗೂಡಿರುವ ಮರಗಳಿಗೆ ಅರಣ್ಯ ಇಲಾಖೆಯಿಂದ ಪರಿಹಾರವೂ ಇದೆ. ಇದು ಒಳ್ಳೆಯ ಕ್ರಮವೇ, ಆದರೆ ಪರಿಹಾರ ನಷ್ಟವನ್ನು ತುಂಬುತ್ತದೆಯೇ ಹೊರತು ಮರ ಉಳಿಸಿಕೊಂಡರೆ ಲಾಭವಿದೆ ಎಂಬ ನಂಬಿಕೆಯನ್ನು ಹುಟ್ಟಿಸುವುದಿಲ್ಲ. ಬೆಂಗಳೂರಿನಿಂದ ಬೆಳಗ್ಗೆ ಕಾರಿನಲ್ಲಿ ಬಂದು, ಗಂಟೆಯೊಳಗೆ ಚಿತ್ರ ತೆಗೆದುಕೊಂಡು, ಹೆದ್ದಾರಿಗೆ ಮರಳಿ ತಿಂಡಿ ತಿನ್ನುವ ಪ್ರವಾಸಿಯ ಹಣ ಆ ಹಿತ್ತಿಲನ್ನು ಮುಟ್ಟುವುದೇ ಇಲ್ಲ.

ನನ್ನ ಸಲಹೆ ಸರಳವಾದದ್ದು. ವಾಹನಕ್ಕಿಷ್ಟು ಎಂದು ಊರಿನ ಸಮಿತಿಯೇ ಶುಲ್ಕ ವಸೂಲು ಮಾಡಲಿ, ಊರಿನ ಹುಡುಗರೇ ಪ್ರತಿ ಮರದ ಗೂಡುಗಳನ್ನು ಎಣಿಸಲಿ, ಆ ಎಣಿಕೆಯಂತೆ ಹಣ ಮರದ ಒಡೆಯರ ಖಾತೆಗೆ ಹೋಗಲಿ. ತಿಂಡಿಯ ವ್ಯವಸ್ಥೆ ಸ್ವಸಹಾಯ ಸಂಘದ ಹೆಂಗಸರ ಕೈಯಲ್ಲಿರಲಿ. ಗೂಡಿನ ಮರಗಳ ಅಡಿಯಲ್ಲಿ ವಾಹನ ನಿಲುಗಡೆ ಬೇಡವೇ ಬೇಡ.

ಇಷ್ಟಾದರೂ ಸಾಲದು, ಏಕೆಂದರೆ ಹಕ್ಕಿಗಳು ಮೀನು ಹಿಡಿಯುವುದು ಸುತ್ತಲಿನ ಕೆರೆಗಳಲ್ಲಿ ಮತ್ತು ಶಿಂಷಾ ನದಿಯಲ್ಲಿ. 2017-18ರ ಋತುವಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡುಬಂದವು, ಮೀನಿನ ಮೂಲಕ ಬಂದವೆಂದು ಶಂಕಿಸಲಾಯಿತು. ಆದ್ದರಿಂದ ಶುಲ್ಕದ ಒಂದು ಭಾಗ ಕೆರೆಗಳ ನೀರಿನ ಪರೀಕ್ಷೆಗೆ, ಇನ್ನೊಂದು ಭಾಗ ಹೊಸ ಸಸಿಗಳಿಗೆ ಮೀಸಲಿರಬೇಕು. ಇಂದು ನೆಟ್ಟ ಹುಣಸೆ ಸಸಿ ಹೆಜ್ಜಾರ್ಲೆಯ ಗೂಡಿನ ಭಾರ ಹೊರುವ ಮರವಾಗಲು ದಶಕಗಳೇ ಹಿಡಿಯುತ್ತವೆ, ಅಷ್ಟೂ ವರ್ಷ ಅದಕ್ಕೆ ನೀರು ಹಾಕಿ ಬೇಲಿ ಕಟ್ಟುವವರು ಅದೇ ಹಿತ್ತಿಲಿನವರು.